ನಿಕ್ಸಿ ಗಡಿಯಾರಕ್ಕೆ 177 ವೋಲ್ಟ್: ಮೇಜಿನ ಮೇಲೆ ಕಟ್ಟುವ ಬಗೆ

ನಮ್ಮ ಸೋದರಮಾವ ಹಾಸನದಲ್ಲಿ ಟಿವಿ ರಿಪೇರಿ ಮಾಡುತ್ತಿದ್ದರು. ಪಿಕ್ಚರ್ ಟ್ಯೂಬಿನ ಹಿಂದೆ ಕೈ ಹಾಕುವಾಗೆಲ್ಲ ಅವರ ಎಡಗೈ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. "ಎರಡೂ ಕೈ ಹಾಕಿದ್ರೆ ಕರೆಂಟು ಎದೆ ಹಾದು ಹೋಗುತ್ತೆ ಕಣೋ" ಅನ್ನುತ್ತಿದ್ದರು. ನಿಕ್ಸಿ ಗಡಿಯಾರ ಕಟ್ಟಲು ಕೂತಾಗ ನನಗೆ ಮೊದಲು ನೆನಪಾದದ್ದು ಆ ಜೇಬು.

ನಿಕ್ಸಿ ಅಂದರೆ ಗಾಜಿನ ಬುರುಡೆಯೊಳಗೆ ಒಂದರ ಹಿಂದೊಂದು ನಿಂತ ತಂತಿಯ ಅಂಕಿಗಳು, ಸುತ್ತ ನಿಯಾನ್ ಅನಿಲ. ನನ್ನ ಹತ್ತಿರ ಸೋವಿಯತ್ ಕಾಲದ ಆರು ಐಎನ್-14 ಟ್ಯೂಬುಗಳಿವೆ. ಹೊತ್ತಿಕೊಳ್ಳಲು 170 ವೋಲ್ಟ್ ಬೇಕು. ಉರಿಯುವಾಗ ಒಂದೊಂದಕ್ಕೆ 2.5 ಮಿಲಿಆಂಪ್, ಆರಕ್ಕೆ 15. ಅಂದರೆ 177 ವೋಲ್ಟಿನಲ್ಲಿ ಬರೀ 2.7 ವ್ಯಾಟ್. ದಾರಿಯಲ್ಲಿ ಪೋಲಾಗುವುದನ್ನು ಸೇರಿಸಿದರೂ 12 ವೋಲ್ಟಿನಲ್ಲಿ 0.3 ಆಂಪ್ ಸಾಕು. ಹಾಗಾಗಿ ಗೋಡೆಯ 230 ವೋಲ್ಟನ್ನು ನೇರವಾಗಿ ಮುಟ್ಟುವ ಮಾತೇ ಬೇಡ. ಒಳ್ಳೆಯ 12 ವೋಲ್ಟ್, 2 ಆಂಪ್ ಅಡಾಪ್ಟರ್ ತಗೊಳ್ಳಿ, ಮುಂದೆ 1 ಆಂಪ್ ಫ್ಯೂಸ್ ಹಾಕಿ. ಹಳೇ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಆಟ ಆಡೋಣ ಅನ್ನುವವರಿಗೆ ನನ್ನದು ಒಂದೇ ಮಾತು: ಬೇಡ. ಅದರ 2,000 ವೋಲ್ಟಿನ ಹಿಂದೆ ಜೀವ ತೆಗೆಯುವಷ್ಟು ಕರೆಂಟೂ ಇರುತ್ತದೆ.

12 ವೋಲ್ಟನ್ನು 177ಕ್ಕೆ ಏರಿಸುವ ಸರ್ಕ್ಯೂಟ್ ಹಳೆಯದೇ. ಎಂಸಿ34063 ಅನ್ನುವ ನಿಯಂತ್ರಕ ಐಸಿ, ಕರೆಂಟಿಗೆ ನಲ್ಲಿಯಂತಿರುವ ಒಂದು ಮಾಸ್‌ಫೆಟ್ಟನ್ನು ತೆರೆದು ಮುಚ್ಚುತ್ತದೆ. ತೆರೆದಾಗ 100 ಮೈಕ್ರೋಹೆನ್ರಿ ಕಾಯಿಲ್‌ನಲ್ಲಿ ಕರೆಂಟ್ ತುಂಬುತ್ತದೆ. ಮುಚ್ಚಿದ ಕೂಡಲೇ ಕಾಯಿಲ್ ಅದನ್ನು ಡಯೋಡಿನ ಮೂಲಕ ಕೆಪಾಸಿಟರಿಗೆ ಎಸೆಯುತ್ತದೆ. ಮಾಸ್‌ಫೆಟ್ ಐಆರ್‌ಎಫ್740. ಕಾಯಿಲ್ 2 ಆಂಪಿಗೂ ಸ್ಯಾಚುರೇಟ್ ಆಗದಂಥದ್ದಿರಲಿ, ಅಂದರೆ ಅದರ ಕೋರ್ ಇನ್ನು ಹಿಡಿಸದಷ್ಟು ತುಂಬಿಬಿಡಬಾರದು. ಅದನ್ನು ತೆರೆದು ಮುಚ್ಚುವ ಮಾಸ್‌ಫೆಟ್ಟಿನ ಪಿನ್ನಾದ ಗೇಟ್ ಬೇಗ ಖಾಲಿಯಾಗಲು ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಸೇರಿಸಿ. ಸುಮ್ನೆ ಒಂದು ರೆಸಿಸ್ಟರ್ ಹಾಕಿ ಬಿಟ್ಟರೆ ಮಾಸ್‌ಫೆಟ್ ದೋಸೆ ಹೆಂಚಿನ ಹಾಗೆ ಕಾಯುತ್ತದೆ.

ಡಯೋಡ್ ವಿಷಯದಲ್ಲಿ ಹುಷಾರು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ವೇಗದ ಡಯೋಡಾದ ಯುಎಫ್4004 ಕೇಳಿದರೆ ಹುಡುಗ 1ಎನ್4007 ಕೊಟ್ಟ. "ಅದೇ ಸಾರ್, ಇದಕ್ಕೆ ಜಾಸ್ತಿ ವೋಲ್ಟು." ವೋಲ್ಟೇನೋ ಜಾಸ್ತಿ, ಆದರೆ ಅದು ನಿಧಾನದ ಡಯೋಡ್. ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಕಡೆ ಅದು ಮುಚ್ಚುವಷ್ಟರಲ್ಲಿ ಕರೆಂಟ್ ಹಿಂದಕ್ಕೆ ಹರಿದಿರುತ್ತದೆ. ನನ್ನದು ಎರಡು ನಿಮಿಷಕ್ಕೆ ಬೆರಳಿಡಲಾಗದಷ್ಟು ಬಿಸಿಯಾಯಿತು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಐಸಿ ತನ್ನ ಐದನೇ ಪಿನ್ನಿನಲ್ಲಿ 1.25 ವೋಲ್ಟ್ ಕಾಣುವವರೆಗೂ ಔಟ್‌ಪುಟ್ ಏರಿಸುತ್ತಲೇ ಹೋಗುತ್ತದೆ. ಮೇಲೆ, ಔಟ್‌ಪುಟ್ಟಿನಿಂದ ಈ ಪಿನ್ನಿಗೆ, 330ಕೆ (ಕಿಲೋಓಮ್) ರೆಸಿಸ್ಟರ್ ಎರಡು ಸಾಲಾಗಿ, ಕೆಳಗೆ, ಪಿನ್ನಿನಿಂದ ಮೈನಸ್ಸಿಗೆ, 4.7ಕೆ ಹಾಕಿದರೆ ಲೆಕ್ಕಕ್ಕೆ 177 ವೋಲ್ಟ್ ಸಿಗುತ್ತದೆ. ಮೊದಲ ಸಲ ನಾನು ಮೇಲಿನ ರೆಸಿಸ್ಟರನ್ನು ಸರಿಯಾಗಿ ಸೋಲ್ಡರ್ ಮಾಡಿರಲಿಲ್ಲ. ನೋಡಲು ಹೊಳೆಯುತ್ತಿತ್ತು, ಒಳಗೆ ಬಿಟ್ಟುಕೊಂಡಿತ್ತು. ಪಾಪ, ಐಸಿಗೆ ಏನೂ ಕಾಣಲಿಲ್ಲ, ಏರಿಸುತ್ತಲೇ ಹೋಯಿತು. ಮೀಟರಿನಲ್ಲಿ 240, 270, ಆಮೇಲೆ ಪಟಾಕಿ ಸದ್ದು. 250 ವೋಲ್ಟಿನ ಕೆಪಾಸಿಟರಿನ ತಲೆ ಹಾರಿ, ಒದ್ದೆ ಕಾಗದದ ಚೂರು ಗೋಡೆಗೆ ಅಂಟಿತ್ತು. ಕನ್ನಡಕ ಹಾಕಿದ್ದೆ, ಬಚಾವಾದೆ. ರೂಮಿನ ವಾಸನೆ ಎರಡು ದಿನ ಹೋಗಲಿಲ್ಲ.

ಅಲ್ಲಿಂದ ನಾನು ಯಾವ ಪಾರ್ಟ್ ಹಾಕಿದರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಬಿಟ್ಟುಕೊಂಡರೆ ವೋಲ್ಟೇಜ್ ಇಳಿಯುತ್ತಾ, ಏರುತ್ತಾ? ಕೆಳಗಿನ 4.7ಕೆ ಬಿಟ್ಟರೆ ಇಳಿಯುತ್ತದೆ, ಚಿಂತೆಯಿಲ್ಲ. ಮೇಲಿನದು ಬಿಟ್ಟರೆ ಏರುತ್ತದೆ. ಅದಕ್ಕೇ ಈಗ ಕೆಪಾಸಿಟರ್ 4.7 ಮೈಕ್ರೋಫ್ಯಾರಡ್, 450 ವೋಲ್ಟಿನದು. ಔಟ್‌ಪುಟ್ಟಿಗೆ ಅಡ್ಡಲಾಗಿ, ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಪಿ6ಕೆಇ200ಎ ಡಯೋಡ್ ಕೂಡ ಹಾಕಿದ್ದೇನೆ. ಅದು 200 ವೋಲ್ಟಿನ ಸುತ್ತಮುತ್ತ ಹಿಡಿದು ನಿಲ್ಲಿಸುತ್ತದೆ. ಅದೇ ಸುಟ್ಟು ಶಾರ್ಟ್ ಆಯಿತು ಅನ್ನಿ, ಫ್ಯೂಸ್ ಹೋಗುತ್ತದೆ. ಹೋಗಲಿ ಬಿಡಿ.

ಕೆಪಾಸಿಟರಿಗೆ ಅಡ್ಡಲಾಗಿ 220ಕೆ ಎರಡು ಸಾಲಾಗಿ ಬೇಕು, ಖಾಲಿ ಮಾಡಲು. ಸ್ವಿಚ್ ಆರಿಸಿದ ಮೂರು ಸೆಕೆಂಡಿಗೆ 50 ವೋಲ್ಟಿಗಿಂತ ಕೆಳಗೆ ಬರುತ್ತದೆ. ಟ್ಯೂಬ್ ಆರಿದೆ ಅಂತ ಮುಟ್ಟಬೇಡಿ. ಟ್ಯೂಬು ನೂರು ವೋಲ್ಟಿನ ಮೇಲಿರುವಾಗಲೇ ಆರಿಬಿಡುತ್ತದೆ, ಉಳಿದದ್ದು ಕೆಪಾಸಿಟರಿನಲ್ಲಿ ಹಾಗೇ ಕೂತಿರುತ್ತದೆ. ಈ ಎರಡು ರೆಸಿಸ್ಟರೂ ಬಿಟ್ಟುಕೊಳ್ಳಬಹುದು, ಅಲ್ವಾ? ಅದಕ್ಕೆ ಪ್ರತಿ ಸಲವೂ ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ಲದೆ ತಂತಿ ಸಿಕ್ಕಿಸುವ ಹಲಗೆ) ಮೇಲೆ ಕಟ್ಟಬೇಡಿ. ಸೋಲ್ಡರ್ ಮಾಡಲು ತೂತು ಮತ್ತು ತಾಮ್ರದ ಚುಕ್ಕಿಗಳಿರುವ ಜೀರೋ ಬೋರ್ಡಿನಲ್ಲಿ ಹೈ ವೋಲ್ಟೇಜ್ ಸಾಲಿನ ಅಕ್ಕಪಕ್ಕದ ತಾಮ್ರದ ಚುಕ್ಕಿಗಳನ್ನು ಬ್ಲೇಡಿನಿಂದ ಕಿತ್ತುಹಾಕಿ, 3 ಮಿಲಿಮೀಟರ್ ಖಾಲಿ ಬಿಡಿ. ಸೋಲ್ಡರ್ ಮಾಡಿದ ಮೇಲೆ ಉಳಿಯುವ ಅಂಟು, ಅಂದರೆ ಫ್ಲಕ್ಸ್, ಒರೆಸಿ.

ಪರೀಕ್ಷೆ ಹೀಗೆ. ಐಸಿಯನ್ನು ಸಾಕೆಟ್ಟಿನಲ್ಲಿ ಕೂರಿಸದೆ ಮೊದಲು ಕರೆಂಟ್ ಕೊಡಿ. ಔಟ್‌ಪುಟ್ಟಿನಲ್ಲಿ 11 ಚಿಲ್ಲರೆ ವೋಲ್ಟ್ ಬರಬೇಕು, ಕಾಯಿಲ್ ಮತ್ತು ಡಯೋಡ್ ದಾಟಿ ಬಂದದ್ದು. ಬರದಿದ್ದರೆ ಡಯೋಡ್ ತಿರುಗಿದೆ. ಆಮೇಲೆ ಅಡಾಪ್ಟರಿನ ಪ್ಲಸ್ ತಂತಿಗೆ ಸಾಲಾಗಿ ಬೈಕಿನ 12 ವೋಲ್ಟ್, 10 ವ್ಯಾಟ್ ಇಂಡಿಕೇಟರ್ ಬಲ್ಬ್ ಸೇರಿಸಿ, ಐಸಿ ಕೂರಿಸಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಆರಿಸಿ. ಮೀಟರಿನ ಕ್ಲಿಪ್‌ಗಳನ್ನು ಕರೆಂಟ್ ಕೊಡುವ ಮುಂಚೆಯೇ ಸಿಕ್ಕಿಸಿ, ಉರಿಯುವಾಗ ಪ್ರೋಬ್ ಹಿಡಿದು ಹುಡುಕಬೇಡಿ. ಮೀಟರ್ 177ರ ಆಸುಪಾಸು ತೋರಿಸಿದ ಮೇಲೆ ಬಲ್ಬ್ ತೆಗೆದು, ಟ್ಯೂಬುಗಳ ಬದಲು 5.6ಕೆ, 5 ವ್ಯಾಟಿನ ಎರಡು ರೆಸಿಸ್ಟರ್ ಸಾಲಾಗಿ ಕಟ್ಟಿ ಅರ್ಧ ಗಂಟೆ ಬಿಡಿ.

ಮೊನ್ನೆ ನನ್ನದು 176.4 ತೋರಿಸಿತು. ಒಂದೊಂದು ಟ್ಯೂಬಿನ ಆನೋಡಿಗೆ, ಅಂದರೆ ಪ್ಲಸ್ ಕಾಲಿಗೆ, 15ಕೆ ರೆಸಿಸ್ಟರ್ ಸಾಲಾಗಿ ಸೇರಿಸಿ, ಪೂರ್ತಿ ಅಕ್ರಿಲಿಕ್ ಡಬ್ಬಿಯೊಳಗೆ ಕೂರಿಸಿ, ನಾಲ್ಕೂ ಸ್ಕ್ರೂ ಬಿಗಿದು, ಆಮೇಲೆ ಸ್ವಿಚ್ ಹಾಕಿದೆ. ಎಡಗೈ ಜೇಬಿನಲ್ಲೇ ಇತ್ತು, ಡಬ್ಬಿ ಮುಚ್ಚಿದ್ದರೂ.