ನರ್ಸಿಂಗ್ ಹೋಮ್‌ನಲ್ಲಿ ಒಬ್ಬರ ಹಿಂದೊಬ್ಬರಿಗೆ ಇನ್ಫೆಕ್ಷನ್ ಆದರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಆಪರೇಷನ್ ಆದ ಗಾಯದಲ್ಲಿ ಕೀವು ತುಂಬಿಕೊಂಡರೆ ನರ್ಸಿಂಗ್ ಹೋಮ್‌ನವರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ‘ನಿಮಗೆ ಶುಗರ್ ಇದೆ’, ‘ಮನೆಯಲ್ಲಿ ನೀರು ತಾಗಿಸಿಕೊಂಡಿದ್ದೀರಿ’, ‘ನೂರರಲ್ಲಿ ಒಬ್ಬರಿಗೆ ಹೀಗಾಗುತ್ತೆ’. ಒಬ್ಬ ರೋಗಿಯ ಮಟ್ಟಿಗೆ ಅದು ನಿಜ ಇರಲೂಬಹುದು. ಇನ್ಫೆಕ್ಷನ್ ಆಯಿತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಆಗಿದೆ ಎಂದು ಕೋರ್ಟ್ ಕೂಡ ಒಪ್ಪುವುದಿಲ್ಲ. ಆದರೆ ಅದೇ ವಾರ, ಅದೇ ಆಪರೇಷನ್ ಥಿಯೇಟರಿನಲ್ಲಿ (ಓಟಿ) ಆಪರೇಷನ್ ಆದ ಇನ್ನೂ ಮೂವರಿಗೆ ಅದೇ ಕೀವು, ಅದೇ ಬ್ಯಾಕ್ಟೀರಿಯಾ ಅಂದರೆ? ಎಲ್ಲರೂ ಮನೆಯಲ್ಲಿ ನೀರು ತಾಗಿಸಿಕೊಂಡರಾ? ಕೇಸು ನಿಲ್ಲುವುದು ಈ ಒಂದು ಪ್ರಶ್ನೆಯ ಮೇಲೆ. ನಮ್ಮವರು ಮಾತ್ರ ಮೊದಲು ಗಲಾಟೆ ಮಾಡುತ್ತಾರೆ, ಆಮೇಲೆ ಸ್ಟೇಷನ್‌ಗೆ ಹೋಗುತ್ತಾರೆ, ಕಾಗದಪತ್ರ ಹುಡುಕುವುದು ಎಲ್ಲಕ್ಕಿಂತ ಕೊನೆಗೆ. ಇದನ್ನು ತಿರುಗಾಮುರುಗಾ ಮಾಡಿ.

ಮೊದಲು ಕೀವಿನ ಕಲ್ಚರ್

ಹೊಸ ಆಂಟಿಬಯಾಟಿಕ್ ಶುರುವಾಗುವ ಮೊದಲು ಕೀವಿನ ಸ್ಯಾಂಪಲ್ ಕೊಟ್ಟು ‘ಕಲ್ಚರ್ ಅಂಡ್ ಸೆನ್ಸಿಟಿವಿಟಿ’ ಮಾಡಿಸಿ. ಚಿಕಿತ್ಸೆ ತಡ ಮಾಡಬೇಡಿ, ಸ್ಯಾಂಪಲ್ ತೆಗೆಯಲು ಎರಡು ನಿಮಿಷ ಸಾಕು. ಆದಷ್ಟೂ ಹೊರಗಿನ ಲ್ಯಾಬ್‌ನಲ್ಲಿ ಮಾಡಿಸಿ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಆ ಒಂದು ಹಾಳೆಯಲ್ಲಿ ಬರುತ್ತದೆ. ಮುಂದೆ ಇನ್ನೊಬ್ಬ ರೋಗಿಯ ರಿಪೋರ್ಟ್ ಪಕ್ಕ ಇಟ್ಟು ನೋಡಲು ಬೇಕಾದದ್ದೂ ಇದೇ ಹಾಳೆ.

ಲ್ಯಾಪ್ರೋಸ್ಕೋಪಿ ಆದವರು ಇಲ್ಲಿ ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ಗಾಲ್‌ಬ್ಲಾಡರ್‌ಗೋ ಹರ್ನಿಯಾಗೋ ಹೊಟ್ಟೆಯ ಮೇಲೆ ಮೂರ್ನಾಲ್ಕು ಸಣ್ಣ ತೂತು ಮಾಡಿರುತ್ತಾರೆ. ಹೊಲಿಗೆ ಬಿಚ್ಚಿ, ಗಾಯ ಒಣಗಿ, ಎಲ್ಲ ಸರಿಹೋಯಿತು ಅಂದುಕೊಂಡು ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ, ಅಂದರೆ ಮೂರು ನಾಲ್ಕು ವಾರಕ್ಕೆ, ಅದೇ ತೂತಿನ ಜಾಗದಲ್ಲಿ ಗಂಟು ಕಟ್ಟಿ ತೆಳ್ಳಗೆ ರಸಿಗೆ ಸೋರುತ್ತದೆ. ಮಾಮೂಲಿ ಮಾತ್ರೆಗೆ ಜಗ್ಗುವುದಿಲ್ಲ. ಇದಕ್ಕೆ ಎಷ್ಟೋ ಸಲ ಕಾರಣ ಟಿಬಿ ಗುಂಪಿಗೆ ಸೇರಿದ, ಆದರೆ ಟಿಬಿ ಕಾಯಿಲೆ ಉಂಟುಮಾಡದ ಮೈಕೋಬ್ಯಾಕ್ಟೀರಿಯಾ. ಇವು ಇರುವುದು ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ.

ಹೊಟ್ಟೆಗೆ ಹೇಗೆ ಬಂತು? ಬಿಸಿ ತಡೆಯದ ಉಪಕರಣಗಳನ್ನು ಆಟೋಕ್ಲೇವ್‌ಗೆ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕದೆ ಗ್ಲುಟರಾಲ್ಡಿಹೈಡ್ ಎಂಬ ದ್ರಾವಣದಲ್ಲಿ ಮುಳುಗಿಸಿಡುತ್ತಾರೆ. ಪೂರ್ತಿ ಕ್ರಿಮಿ ಸಾಯಬೇಕಾದರೆ 8ರಿಂದ 10 ಗಂಟೆ ಮುಳುಗಿರಬೇಕು. ಸೆಟ್ ಒಂದೇ ಇದ್ದು, ಬೆಳಗ್ಗೆಯಿಂದ ಸಾಲಾಗಿ ಐದು ಕೇಸ್ ಇಟ್ಟುಕೊಂಡ ದಿನ ಅಷ್ಟು ಹೊತ್ತು ಯಾರು ಕಾಯುತ್ತಾರೆ? 20 ನಿಮಿಷ ಅದ್ದಿ, ನಲ್ಲಿ ನೀರಲ್ಲಿ ಜಾಲಿಸಿ, ಮುಂದಿನ ರೋಗಿಗೆ ಹಾಕಿದರೆ ಕಥೆ ಮುಗಿಯಿತು. ಅದಕ್ಕೇ ಇದು ಒಂದೇ ದಿನ, ಒಂದೇ ಸೆಟ್‌ನಲ್ಲಿ ಆಪರೇಷನ್ ಆದ ಹಲವರಿಗೆ ಬರುವುದು. ಮಾಮೂಲಿ ಕಲ್ಚರ್‌ನಲ್ಲಿ ‘ಏನೂ ಬೆಳೆದಿಲ್ಲ’ ಎಂದು ಬರುವ ಸಾಧ್ಯತೆ ಇದೆ. ಟಿಬಿ ಗುಂಪಿನ ಬ್ಯಾಕ್ಟೀರಿಯಾ ಹುಡುಕುವ ‘ಎಎಫ್‌ಬಿ ಕಲ್ಚರ್’ ಎಂದು ಬಾಯಿಬಿಟ್ಟು ಕೇಳಿ ಮಾಡಿಸಿ.

ಕೇಸ್ ಶೀಟ್ ಕೇಳಿ, ಬರವಣಿಗೆಯಲ್ಲಿ ಕೇಳಿ

ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ನಂಬಿ ಕೂರಬೇಡಿ. ಅದು ಅವರು ಬರೆದ ಸಾರಾಂಶ ಅಷ್ಟೇ. ಪೂರ್ತಿ ಕೇಸ್ ಶೀಟ್, ಓಟಿ ನೋಟ್ಸ್, ಅನಸ್ತೇಷಿಯಾ ನೋಟ್ಸ್, ನರ್ಸ್ ಚಾರ್ಟ್, ಸಹಿ ಹಾಕಿದ ಕನ್ಸೆಂಟ್ ಫಾರಂ, ಲ್ಯಾಬ್ ರಿಪೋರ್ಟ್, ಬಿಲ್ ಎಲ್ಲದರ ಪ್ರತಿ ಬೇಕು. 2002ರ ವೈದ್ಯರ ನಡತೆ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಂಡಿರಬೇಕು. ಅರ್ಜಿಯ ಇನ್ನೊಂದು ಪ್ರತಿಗೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್ ಕೂಡ ಮಾಡಿ.

ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಆ ವಾರದ ಆಟೋಕ್ಲೇವ್ ರಿಜಿಸ್ಟರ್, ಓಟಿ ಸ್ವಾಬ್ ರಿಪೋರ್ಟ್ (ಓಟಿಯಲ್ಲಿ ಕ್ರಿಮಿ ಇದೆಯೇ ಎಂಬ ಪರೀಕ್ಷೆ), ಓಟಿ ಲಿಸ್ಟ್ ಇವುಗಳನ್ನು ನಾಶ ಮಾಡದೆ ಕಾಪಾಡಿ ಎಂದು. ನಿಮ್ಮ ಕೈಗೆ ಇವನ್ನು ಕೊಡುವುದಿಲ್ಲ, ಗೊತ್ತಿರುವ ವಿಷಯ. ಆದರೆ ನಾಳೆ ಗ್ರಾಹಕರ ಆಯೋಗ ತರಿಸಿ ಎಂದಾಗ ‘ಕಳೆದುಹೋಗಿದೆ’ ಎಂದರೆ, ಇಂಥ ದಿನವೇ ಕಾಪಾಡಲು ಹೇಳಿದ್ದೆವು ಎಂದು ತೋರಿಸಬಹುದು. ಅಷ್ಟರಮಟ್ಟಿಗೆ ಆ ಸಾಲು ವಕೀಲರ ಒಂದು ದಿನದ ವಾದಕ್ಕೆ ಸಮ.

ಉಳಿದ ರೋಗಿಗಳು ಸಿಗುವುದು ಡ್ರೆಸ್ಸಿಂಗ್ ರೂಮಿನ ಮುಂದೆ

ಆಸ್ಪತ್ರೆ ಪಟ್ಟಿ ಕೊಡುವುದಿಲ್ಲ, ಕೊಡಲೂಬಾರದು. ಆದರೆ ಡ್ರೆಸ್ಸಿಂಗ್‌ಗೆ ಕಾಯುತ್ತಾ ಕೂತವರು ಮಾತಾಡಿಯೇ ಮಾತಾಡುತ್ತಾರೆ, ಅಲ್ವಾ? ಯಾವ ದಿನ ಆಪರೇಷನ್, ಯಾವ ಡಾಕ್ಟರ್, ಯಾವಾಗ ಕೀವು ಶುರು ಎಂದು ಕೇಳಿ ಬರೆದಿಡಿ, ಫೋನ್ ನಂಬರ್ ತಗೊಳ್ಳಿ. ಅವರ ರಿಪೋರ್ಟ್ ಅವರದು, ಕೇಳದೆ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ಒಂದೇ ತೊಂದರೆ ಆದವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ಒಂದೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ.

ಹೊಣೆ ಯಾರದು?

ಮೊದಲಿಗೆ ಆಸ್ಪತ್ರೆಯದು. ‘ಆ ಸರ್ಜನ್ ನಮ್ಮವರಲ್ಲ, ವಿಸಿಟಿಂಗ್’ ಎಂಬ ಮಾತಿಗೆ ಮರುಳಾಗಬೇಡಿ. ಸವಿತಾ ಗಾರ್ಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಡಾಕ್ಟರನ್ನು ಪ್ರತಿವಾದಿ ಮಾಡಿಲ್ಲ ಎಂಬ ಕಾರಣಕ್ಕೆ ದೂರು ಬೀಳುವುದಿಲ್ಲ, ಸರಿಯಾಗಿ ನೋಡಿಕೊಂಡಿದ್ದೇವೆ ಎಂದು ತೋರಿಸುವ ಹೊರೆ ಆಸ್ಪತ್ರೆಯ ಮೇಲೆ. ಆದರೂ ಇಬ್ಬರನ್ನೂ ಸೇರಿಸುವುದು ವಾಸಿ.

ಕೆಲವೊಮ್ಮೆ ಎಡವಟ್ಟು ಬಾಟಲಿಯಲ್ಲೇ ಇರುತ್ತದೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ಆಪರೇಷನ್ ಆದ ಹಲವರಿಗೆ ಸೋಂಕಾಗಿ ದೃಷ್ಟಿ ಹೋದಾಗ ಅನುಮಾನ ಬಂದದ್ದು ಬಳಸಿದ ದ್ರಾವಣದ ಮೇಲೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗಲೂ ಬೊಟ್ಟು ಹೋದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಕಡೆಗೆ. ಎರಡೂ ಸರ್ಕಾರಿ ಆಸ್ಪತ್ರೆಗಳು, ಆದರೆ ಪಾಠ ನರ್ಸಿಂಗ್ ಹೋಮ್‌ಗೂ ಅನ್ವಯ. ಬಿಲ್‌ನಲ್ಲಿ ಬ್ಯಾಚ್ ನಂಬರ್ ಇದ್ದರೆ ಕಾಪಾಡಿ. 2019ರ ಕಾಯ್ದೆಯಲ್ಲಿ ತಯಾರಕರನ್ನೂ ಹೊಣೆ ಮಾಡಬಹುದು.

‘ಇನ್ಫೆಕ್ಷನ್ ಆದರೆ ನಾವು ಜವಾಬ್ದಾರರಲ್ಲ’ ಎಂದು ಸಹಿ ಹಾಕಿಸಿಕೊಂಡಿದ್ದರೆ ಹೆದರಬೇಡಿ. ನೀವು ಒಪ್ಪಿದ್ದು ಅಪಾಯಕ್ಕೆ, ತೊಳೆಯದ ಉಪಕರಣಕ್ಕಲ್ಲ.

ಎಲ್ಲಿಗೆ ಹೋಗಬೇಕು

ಕರ್ನಾಟಕದಲ್ಲಿ ನರ್ಸಿಂಗ್ ಹೋಮ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಈ ಕಾಯ್ದೆಯಡಿ ದೂರು ಕೇಳಲು ಜಿಲ್ಲೆಯಲ್ಲಿ ಪ್ರಾಧಿಕಾರ ಇದೆ. ಡಿಸಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ಇಲ್ಲಿಗೆ ಬೇಗ ದೂರು ಕೊಡಿ. ಓಟಿ ತಪಾಸಣೆ ಆಗುವುದು, ಇನ್ನಷ್ಟು ಜನಕ್ಕೆ ತಗಲುವುದು ತಪ್ಪುವುದು ಇದರಿಂದ. ಖಾಸಗಿ ಆಸ್ಪತ್ರೆಗೆ ನೇರವಾಗಿ ಆರ್‌ಟಿಐ ಹಾಕಲು ಬರುವುದಿಲ್ಲ. ಆದರೆ ಡಿಎಚ್‌ಒ ಕಚೇರಿಯ ತಪಾಸಣಾ ವರದಿಗೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಬಹುದು. ಇದು ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ.

ಡಾಕ್ಟರ್ ಲೈಸೆನ್ಸ್ ಪ್ರಶ್ನೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ. ಅಲ್ಲಿ ದುಡ್ಡು ಸಿಗುವುದಿಲ್ಲ.

ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ಇಲ್ಲಿಯೇ. ಕೇಳುವ ಪರಿಹಾರದ ಮೊತ್ತ ಲೆಕ್ಕಕ್ಕಿಲ್ಲ. ಕಟ್ಟಿದ್ದು 5 ಲಕ್ಷದೊಳಗಾದರೆ ಶುಲ್ಕವೂ ಇಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ನೀವು ಗದಗದಲ್ಲಿದ್ದರೆ ಗದಗದಲ್ಲೇ ದೂರು ಕೊಡಬಹುದು. ಖಾಸಗಿಯಲ್ಲಿ ಸರ್ಕಾರದ ಯೋಜನೆಯ ಕಾರ್ಡ್ ಮೇಲೆ ಆಪರೇಷನ್ ಆಗಿದ್ದರೂ ಸುಮ್ನೆ ಕೂರಬೇಡಿ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಮಾಡುವ ಆಸ್ಪತ್ರೆಯ ಉಚಿತ ರೋಗಿಯೂ ಗ್ರಾಹಕನೇ ಎಂದು 1995ರಲ್ಲೇ ತೀರ್ಪಾಗಿದೆ. ಎಲ್ಲರಿಗೂ ಪೂರ್ತಿ ಉಚಿತವಾದ ಸರ್ಕಾರಿ ಆಸ್ಪತ್ರೆಗೆ ಮಾತ್ರ ಈ ದಾರಿ ಇಲ್ಲ, ಸಿವಿಲ್ ಕೋರ್ಟ್ ಅಥವಾ ಹೈಕೋರ್ಟ್. ವಕೀಲರಿಗೆ ಕೊಡಲು ಹಣ ಇಲ್ಲ ಅಂದರೆ ಕಾನೂನು ಸೇವಾ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವಿನ ಹಕ್ಕಿದೆ.

ಪೊಲೀಸ್ ಕೇಸು? ಬೇಡ ಎನ್ನುವುದಿಲ್ಲ, ಮೊದಲು ಬೇಡ. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಬರುವುದು ಸಾವು ಸಂಭವಿಸಿದಾಗ, ವೈದ್ಯರಿಗೆ ಗರಿಷ್ಠ 2 ವರ್ಷ ಶಿಕ್ಷೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಘೋರ ನಿರ್ಲಕ್ಷ್ಯ ಇರಬೇಕು, ಬೇರೆ ವೈದ್ಯರ ಅಭಿಪ್ರಾಯವನ್ನೂ ಪೊಲೀಸರು ಪಡೆಯಬೇಕು. ಇನ್ನು ಸಿಟ್ಟಿನಲ್ಲಿ ಗಾಜು ಒಡೆದರೆ, ಸಿಬ್ಬಂದಿ ಮೇಲೆ ಕೈ ಮಾಡಿದರೆ, 2009ರ ರಾಜ್ಯದ ಕಾಯ್ದೆಯಡಿ ಕೇಸು ಬೀಳುವುದು ನಿಮ್ಮ ಮೇಲೆ.

ಗಡುವು 2 ವರ್ಷ

ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಇರುವ ಕಾಲ ಇಷ್ಟೇ. ತಡವಾಗಿ ಕಾಣಿಸಿಕೊಂಡ ಸೋಂಕಿನಲ್ಲಿ ಈ 2 ವರ್ಷ ಎಲ್ಲಿಂದ ಶುರು ಎಂಬುದರ ಮೇಲೆಯೇ ಆಸ್ಪತ್ರೆಯ ವಕೀಲರು ಜಗಳ ತೆಗೆಯುತ್ತಾರೆ. ಸರಿಯಾದ ಕಾರಣ ಕೊಟ್ಟರೆ ಆಯೋಗ ತಡವನ್ನು ಮನ್ನಿಸಬಹುದು, ಆದರೆ ಅದು ಅವರ ವಿವೇಚನೆ. ಆ ತಂಟೆಯೇ ಬೇಡ ಎಂದಿದ್ದರೆ ಕೀವು ಬಂದ ದಿನದಿಂದಲ್ಲ, ಆಪರೇಷನ್ ಆದ ತಾರೀಖಿನಿಂದಲೇ ಎಣಿಸಿ.