ಕೈಪಿಡಿ ಕಡಲು ದಾಟುವ ಮುನ್ನ

ಪೀಣ್ಯದಲ್ಲಿ ತಯಾರಾದ ನೀರೆತ್ತುವ ಪಂಪೊಂದು ಅಮೆರಿಕ, ಜರ್ಮನಿ, ದುಬೈಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಜೊತೆಗಿರುವ ಕೈಪಿಡಿಯನ್ನು ಅನುವಾದಕರ ಕೈಗಿತ್ತರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಅದಕ್ಕೂ ಮೊದಲು ಕೆಂಪು ಪೆನ್ನು ಹಿಡಿದು, ಊರು ಬದಲಾದರೆ ಸುಳ್ಳಾಗುವ ಸಾಲುಗಳಿಗೆಲ್ಲ ಗುರುತು ಹಾಕಿ.

ಮೊದಲ ಗುರುತು ವೈರಿನ ಬಣ್ಣಕ್ಕೆ. ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದ ಮನೆಗಳಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಯುರೋಪಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ‘ಕಪ್ಪು ವೈರು ನ್ಯೂಟ್ರಲ್’ ಎಂಬುದನ್ನು ಎಷ್ಟು ಸೊಗಸಾಗಿ ಅನುವಾದಿಸಿದರೂ ಶಾಕ್ ಹೊಡೆಯುವುದು ತಪ್ಪದು. ಟರ್ಮಿನಲ್ ಮೇಲಿನ ಎಲ್ (ಫೇಸ್), ಎನ್ (ನ್ಯೂಟ್ರಲ್) ಗುರುತನ್ನೇ ಹೇಳಿ. ಬಣ್ಣಗಳಿಗೆ ದೇಶವಾರು ಪಟ್ಟಿ ಕೊಡಿ.

ಆಮೇಲೆ ಕರೆಂಟು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್ (ಸೆಕೆಂಡಿಗೆ ಕರೆಂಟಿನ 50 ಆವರ್ತ); ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಸರಿಹೋದೀತು, ಹರ್ಟ್ಜ್ ಜಗ್ಗುವುದಿಲ್ಲ. ಮೋಟಾರು ಸುಮಾರು 20% ಜೋರಾಗಿ ತಿರುಗುತ್ತದೆ. ಪಂಪು ಕೇಳುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಹೊರೆ 70% ದಾಟಿ ಹೆಚ್ಚಿ, ಮೋಟಾರಿನೊಳಗಿನ ತಂತಿಸುರುಳಿಯೇ (ವೈಂಡಿಂಗ್) ಸುಟ್ಟೀತು. ಇಲ್ಲಿ ಪದ ತಿದ್ದಿ ಪ್ರಯೋಜನವಿಲ್ಲ. ಆ ದೇಶಕ್ಕೆ ಹೋಗುವ ಮಾದರಿಯ ಅಂಕಿಗಳನ್ನು ಇಂಜಿನಿಯರ್ ಹತ್ತಿರವೇ ಕೇಳಿ ಪಡೆಯಿರಿ. (ಜಪಾನಿಗೆ ಕಳಿಸುವವರ ಪಾಡು ಬೇರೆ: ಟೋಕಿಯೊದಲ್ಲಿ 50 ಹರ್ಟ್ಜ್, ಒಸಾಕದಲ್ಲಿ 60!)

ಸಂಖ್ಯೆಗಳೂ ಕೈಕೊಡುತ್ತವೆ. ಜರ್ಮನಿಯಲ್ಲಿ 1.500 ಎಂದರೆ ಒಂದೂವರೆ ಸಾವಿರ. 03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ ಹೆಸರು ಬರೆದುಬಿಡಿ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546. ಪಕ್ಕದಲ್ಲಿ ಲೀಟರೂ ಇರಲಿ.

ಚಿತ್ರಗಳನ್ನು ಮರೆಯುವವರು ಬಹಳ. ನೀರು ತುಂಬಿಸಿ ಏರ್ ತೆಗೆಯುವುದು, ವಾಲ್ವ್ ತಿರುಗಿಸುವುದು, ಸ್ವಿಚ್ ಒತ್ತುವುದು ಎಂದು ಎಡದಿಂದ ಬಲಕ್ಕೆ ಮೂರು ಚಿತ್ರ ಜೋಡಿಸಿದ್ದೀರಿ. ಅರಬ್ಬಿ ಓದುವವರ ಕಣ್ಣು ಬಲದಿಂದ ಶುರು; ಮೊದಲು ಸ್ವಿಚ್ ಒತ್ತಿ, ಒಣ ಪಂಪು ಓಡಿಸಿ, ಸೀಲ್ ಸುಟ್ಟುಕೊಂಡಾರು. ಚಿತ್ರಗಳ ಸಾಲನ್ನು ಹಿಂದುಮುಂದು ಮಾಡಿ. ಆದರೆ ಕಂಪ್ಯೂಟರಿನಲ್ಲಿ ಚಿತ್ರವನ್ನೇ ಕನ್ನಡಿಯಂತೆ ಮಗುಚಬೇಡಿ: ಮೋಟಾರು ತಿರುಗುವ ಬಾಣವೂ ಉಲ್ಟಾ ಆಗುತ್ತದೆ.

ಈಗ ಅನುವಾದಕರನ್ನು ಕರೆಯಿರಿ. ಒಂದು ಭಾಗಕ್ಕೆ ಕೊನೆಯವರೆಗೂ ಒಂದೇ ಹೆಸರು. ಚಿತ್ರದೊಳಗೆ ಪದಗಳ ಬದಲು ನಂಬರು ಹಾಕಿ, ಜರ್ಮನ್ ಪದಗಳ ಉದ್ದಕ್ಕೆ ಜಾಗ ಸಾಲದು.

ಅಚ್ಚಿಗೆ ಕೊಡುವ ಮೊದಲು, ಪಂಪನ್ನೇ ಕಂಡಿರದ ಅಲ್ಲಿಯವರೊಬ್ಬರ ಕೈಗೆ ಕೈಪಿಡಿ ಕೊಟ್ಟು ಜೋಡಿಸಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರ ಕೈ ಎಲ್ಲಿ ತಡೆಯಿತೋ ಆ ಪುಟದ ಮೂಲೆ ಮಡಚಿ.