ಪ್ರೊಸೆಸರ್ ಬದಲಿಸೋ ಮೊದಲ ಇಷ್ಟು ನೋಡ್ರಿ

ಗೇಮ್ ನಡುನಡುವ ಜಗ್ಗತೈತಿ, ಪ್ರೊಸೆಸರ್ ಬದಲಿಸ್ಲೇನು ಅಂತ ಭಾಳ ಮಂದಿ ಕೇಳಾಕತ್ತೀರಿ. ರೊಕ್ಕ ಹಾಕೋ ಮೊದಲ ಆಫ್ಟರ್‌ಬರ್ನರ್ (ಕಾರ್ಡ್, ಪ್ರೊಸೆಸರ್ ಎಷ್ಟು ದುಡಿಯಾಕತ್ತಾವು ಅಂತ ತೋರಿಸೋ ಸಾಫ್ಟ್‌ವೇರ್) ಹಾಕ್ಕೊಂಡು, ಗೇಮಿನ ವೇಗ ಮಾನಿಟರಿನ ವೇಗಕ್ಕ ಕಟ್ಟಿಹಾಕೋ ವಿ-ಸಿಂಕ್ ಸೆಟ್ಟಿಂಗ್ ಬಂದ್ ಮಾಡಿ ಆಡ್ರಿ. ಗ್ರಾಫಿಕ್ಸ್ ಕಾರ್ಡ್ 95 ಪರ್ಸೆಂಟ್ ಮ್ಯಾಲ ದುಡಿಯಾಕತ್ತಿದ್ರ ಪ್ರೊಸೆಸರ್ ಬದಲಿಸಿ ಉಪಯೋಗಿಲ್ಲ, ಕಾರ್ಡೇ ಸಾಲವಲ್ದು. ಕಾರ್ಡ್ 60 ಪರ್ಸೆಂಟ್ ಆಸುಪಾಸಿನ್ಯಾಗ ಇದ್ದು, ರೆಸೊಲ್ಯೂಷನ್ 1080ರಿಂದ 720ಕ್ಕ ಇಳಿಸಿದ್ರೂ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಬರ್ತಾವು ಅನ್ನೋದು) ಏರದಿದ್ರ ಪ್ರೊಸೆಸರ್ ಕಡೆ ನೋಡ್ರಿ.

ಅದಕ್ಕೂ ಮೊದಲ ರ‍್ಯಾಮ್. 8 ಜಿಬಿದು ಒಂದ ಕಡ್ಡಿ ಇದ್ರ ಅಂಥಾದ್ದ ಇನ್ನೊಂದು ಹಾಕ್ರಿ, ಡ್ಯುಯಲ್ ಚಾನೆಲ್ ಆಗತೈತಿ, ಅಂದ್ರ ಎರಡೂ ಕಡ್ಡಿ ಕೂಡಿ ಒಮ್ಮೆಲೇ ಡೇಟಾ ಸಾಗಿಸ್ತಾವು. ಇನ್ನ ನಮ್ಮ ವಿಜಯಪುರದ ಏಪ್ರಿಲ್ ಬಿಸಿಲು, ಧೂಳು ಗೊತ್ತ ಐತಲ್ಲ. ಪ್ರೊಸೆಸರ್ ತನ್ನ ಮಿತಿ (ಮಾದರಿ ಪ್ರಕಾರ ಸುಮಾರು 90ರಿಂದ 100 ಡಿಗ್ರಿ) ಮುಟ್ಟಿದ್ರ ತನ್ನ ವೇಗ ತಾನ ಇಳಿಸ್ಕೋತೈತಿ. ಫ್ಯಾನ್ ಝಾಡಿಸಿ, ಪ್ರೊಸೆಸರ್-ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಹೊಸದು ಹಚ್ಚಿ ಮತ್ತೊಮ್ಮೆ ಆಡಿ ನೋಡ್ರಿ.

ಬದಲಿಸೋದ ಖರೆ ಅಂದ್ರ, ಎಎಂಡಿ ಪ್ರೊಸೆಸರ್ ಕೂಡೋ ಎಎಂ4 ಸಾಕೆಟ್ಟಿನ ಮದರ್‌ಬೋರ್ಡ್ ಇದ್ದವರು ಪುಣ್ಯವಂತರು. ಅದ್ರಾಗಿನ ಹಳೇ ಬಿ450 ಬೋರ್ಡಿಗೂ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ರ ರೈಝನ್ 5 5600 ಪ್ರೊಸೆಸರ್ ಕೂಡತೈತಿ. ಹಳೇ ಪ್ರೊಸೆಸರ್ ಇದ್ದಾಗಲೇ ಅಪ್‌ಡೇಟ್ ಮಾಡ್ರಿ, ಅದೂ ಯುಪಿಎಸ್ ಮ್ಯಾಲ. ನಡುವ ಕರೆಂಟ್ ಹೋದ್ರ ಬೋರ್ಡೇ ಹೋಗಬಹುದು. 5600ಕ್ಕ ಒಳಗಿನ ಗ್ರಾಫಿಕ್ಸ್ ಇಲ್ಲ, ಬ್ಯಾರೆ ಕಾರ್ಡ್ ಬೇಕ ಬೇಕು. ಪ್ರೊಸೆಸರ್ ಮ್ಯಾಲಿನ ಕೂಲರ್ ತೆಗೆಯುವಾಗ ಸೀದಾ ಎಳೀಬ್ಯಾಡ್ರಿ. ಸ್ವಲ್ಪ ಹೊತ್ತು ಗೇಮ್ ಆಡಿ ಬಿಸಿ ಮಾಡಿ, ಪ್ಲಗ್ ತೆಗೆದು, ಕೂಲರ್ ಮೆಲ್ಲಕ ಆಕಡೆ ಈಕಡೆ ತಿರುವಿ ಎತ್ರಿ. ಇಲ್ಲಂದ್ರ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಕಿತ್ತು ಬಂದು ಪಿನ್ ಬಾಗ್ತಾವು.